ಕೌದಿಯ ಹಸಿರು ತುಂಡು

ಟ್ರಂಕಿನ ಮುಚ್ಚಳ ತೆಗೆದರೆ ಮೊದಲು ಬರುವುದು ಒಣಗಿದ ಬೇವಿನ ಎಲೆಯ ಕಮಟು, ಅದರ ಹಿಂದೆಯೇ ಅಪ್ಪನ ಖಾಕಿ ಅಂಗಿಯ ಯಂತ್ರದೆಣ್ಣೆಯ ವಾಸನೆ. ಎಷ್ಟು ಸಲ ಒಗೆದರೂ ಅದು ಹೋಗಿಲ್ಲ. ಒಳಗಿರುವುದು ಅವ್ವ ಹೊಲಿದ ಕೌದಿ. ಹಳೆಯ ಬಟ್ಟೆಗಳನ್ನು ಪದರ ಪದರವಾಗಿ ಹಾಸಿ, ಮೇಲೆ ತುಂಡುಗಳನ್ನಿಟ್ಟು ಕೈಯಲ್ಲೇ ಹೊಲಿದ ಇಂಥ ಹೊದಿಕೆ ನಿಮ್ಮ ಮನೆಯಲ್ಲೂ ಒಂದು ಕಾಲಕ್ಕೆ ಇದ್ದೇ ಇದ್ದೀತು. ಹಳತಾಯಿತೆಂದು ಯಾರೋ ಎಸೆದೂ ಇದ್ದಾರು. ನನ್ನದರಲ್ಲಿ ಅವ್ವನ ಇಳಕಲ್ ಸೀರೆಯ ಸೆರಗಿದೆ, ಅಪ್ಪನ ಖಾಕಿಯಿದೆ, ನನ್ನ ಹಳದಿ ಫ್ರಾಕಿದೆ. ಒಂದು ಮೂಲೆಯಲ್ಲಿ ನಮ್ಮ ಮನೆಯದಲ್ಲದ ಹಸಿರು ತುಂಡೊಂದಿದೆ. ಮಡಚುವಾಗೆಲ್ಲ ಆ ಮೂಲೆಯನ್ನು ಒಳಕ್ಕೆ ಹಾಕಿಯೇ ಮಡಚುತ್ತೇನೆ. ಮೂವತ್ತು ವರ್ಷ ಮೀರಿತು, ಕೈಗೆ ಅದು ರೂಢಿಯಾಗಿಬಿಟ್ಟಿದೆ.

ಹೈದರಾಬಾದು ಆಂಧ್ರಪ್ರದೇಶದ ರಾಜಧಾನಿಯಾಗಿದ್ದ ಕಾಲ ಅದು. ಅಪ್ಪ ಬಾಲಾನಗರದಲ್ಲಿ ಕೇಂದ್ರ ಸರಕಾರದ ಕಾರ್ಖಾನೆಯೊಂದರ ಫಿಟ್ಟರ್. ನಾವಿದ್ದದ್ದು ಸನತ್‌ನಗರದ ಎರಡು ಕೋಣೆಯ ಕ್ವಾರ್ಟರ್ಸಿನಲ್ಲಿ. ಹೊಸ್ತಿಲಿನಾಚೆ ತೆಲುಗು, ಹಿಂದಿ. ಒಳಗೆ ಬರೀ ಬಾಗಲಕೋಟೆ. ಮಧ್ಯಾಹ್ನ ಅಡುಗೆಮನೆ ತೊಳೆದಾದ ಮೇಲೆ ಅವ್ವ ವರಾಂಡದಲ್ಲಿ ಕೌದಿ ಹಾಸಿಕೊಂಡು ಕೂರುತ್ತಿದ್ದಳು. ಒಂದು ದಿನ ನೀರು ಕೇಳಿ ಬಂದ ಹೆಂಗಸೊಬ್ಬಳು ಕುಡಿದು ಹೋಗಲಿಲ್ಲ. ಕೌದಿಯ ಅಂಚು ಮುಟ್ಟಿ ನೋಡಿದಳು, ಕುಳಿತಳು, ಯಾರೂ ಹೇಳದೆಯೇ ಇನ್ನೊಂದು ಸೂಜಿಗೆ ದಾರ ಪೋಣಿಸಿದಳು. ಜೋಹ್ರಾ ಎಂದು ಹೆಸರು. ಹೊಳೆ ಹೊಲವನ್ನೂ ಮನೆಯನ್ನೂ ನುಂಗಿದ ಮೇಲೆ ಗಂಡ, ಮಗಳೊಡನೆ ಗಡಿ ದಾಟಿ ಬಾಂಗ್ಲಾದಿಂದ ಬಂದವಳು. ಗಂಡ ನಮ್ಮ ಕೈಗಾರಿಕಾ ಎಸ್ಟೇಟಿನ ಪ್ಲಾಸ್ಟಿಕ್ ಕಾರ್ಖಾನೆಯಲ್ಲಿ ಚೂರು ಆರಿಸುತ್ತಿದ್ದ. ರೇಷನ್ ಕಾರ್ಡಿಲ್ಲ, ಜನನ ಪತ್ರವಿಲ್ಲ, ತಾವು ಇಂಥವರೆಂದು ಹೇಳುವ ಒಂದು ಕಾಗದವೂ ಅವರಲ್ಲಿರಲಿಲ್ಲ. ಅವರ ಕಡೆಯೂ ಹಳೆಯ ಸೀರೆಗಳನ್ನು ಹೀಗೇ ಹೊಲಿಯುತ್ತಾರಂತೆ. “ಯವ್ವಾ, ಇಕೀ ಕೈ ನೋಡ! ಇದರ ಮುಂದ ನನ್ನ ಹೊಲಿಗಿ ಗೋಣಿಚೀಲ ಹೊಲಿದಂಗ ಐತಿ” ಎಂದು ಅವ್ವ ಬೆರಗಾದಳು. ಕೌದಿ ಉಪವಾಸ ಇರಬಾರದೆಂದು ಕೊನೆಯ ಮೂಲೆ ಮುಚ್ಚುವ ಮುನ್ನ ಒಳಗೊಂದು ಚೂರು ಜೋಳದ ರೊಟ್ಟಿ ಇಡುವುದು ನಮ್ಮವರ ಪದ್ಧತಿ. ಅದನ್ನು ನೋಡಿ ಜೋಹ್ರಾ ನಕ್ಕು, ತನ್ನ ಸೆರಗಿನ ಗಂಟು ಬಿಚ್ಚಿ ನಾಲ್ಕು ಅಕ್ಕಿಕಾಳು ತೆಗೆದು ರೊಟ್ಟಿಯ ಪಕ್ಕದಲ್ಲಿಟ್ಟಳು. ಆ ಮೂಲೆಯ ಮೇಲೆ ಹೊಲಿದದ್ದೇ ಅವಳ ಮಗಳ ಹಳೆಯ ಲಂಗದ ಹಸಿರು ಬಟ್ಟೆ.

ಮಗಳು ಶೆಫಾಲಿ ನನ್ನದೇ ವಯಸ್ಸಿನವಳು. ತಾಯಿ ಹೊಲಿಯುವಾಗ ಪಕ್ಕದಲ್ಲಿ ಕೂತು ಕೂತು, ಆರು ತಿಂಗಳಲ್ಲಿ ಅವ್ವನ ಕನ್ನಡವನ್ನು ಬೈಗುಳ ಸಮೇತ ಕಲಿತುಬಿಟ್ಟಳು. ನನ್ನ ಪುಸ್ತಕಗಳನ್ನು ಇಟ್ಟುಕೊಂಡು ಓದುವುದನ್ನೂ ಕಲಿತಳು. ನಾನು ಅವ್ವನ ಮೇಲೆ ರೇಗಿದರೆ “ಸುಮ್ಮನಿರ ಮೂಳಿ, ಅವ್ವಗ ಎದುರು ಮಾತಾಡಾಕತ್ತೀಯೇನ?” ಎಂದು ನನ್ನನ್ನೇ ಗದರುತ್ತಿದ್ದಳು. ಅವ್ವ ಸೊಂಟ ಹಿಡಿದುಕೊಂಡು ನಗುತ್ತಿದ್ದಳು. ಕಾಗದವಿಲ್ಲದ ಆ ಹುಡುಗಿಯನ್ನು ಸುತ್ತಲಿನ ಯಾವ ಶಾಲೆಯೂ ಸೇರಿಸಿಕೊಂಡಿರಲಿಲ್ಲ. ನಾನು ಹೋಗುತ್ತಿದ್ದದ್ದು ಕನ್ನಡ ಶಾಲೆ. ಸಿಮೆಂಟ್ ಶೀಟಿನ ಮಾಡು, ಒಂದೇ ಉದ್ದ ಕೋಣೆ, ಮಾಸ್ತರರೂ ಒಬ್ಬರೇ. ನಮ್ಮ ಜನ ಸಭೆಗಳಲ್ಲಿ ಕನ್ನಡ ಕನ್ನಡ ಎಂದು ಎದೆ ತಟ್ಟಿಕೊಂಡು, ಮಕ್ಕಳನ್ನು ಮಾತ್ರ ಸದ್ದಿಲ್ಲದೆ ಇಂಗ್ಲಿಷ್ ಶಾಲೆಗೆ ಹಾಕುತ್ತಿದ್ದರು. ಜೂನ್ ತಿಂಗಳಲ್ಲಿ ಒಂದು ಸಂಜೆ ಮಾಸ್ತರರು ಬೆವರು ಒರೆಸಿಕೊಳ್ಳುತ್ತ ಮನೆಗೆ ಬಂದರು. “ಅಕ್ಕಾರ, ನಾಳೆ ಇಲಾಖಿ ಸಾಹೇಬ್ರು ತಲಿ ಎಣಿಸಾಕ ಬರ್ತಾರ್ರಿ. ಒಂದ ಹೆಸರು ಕಡಿಮಿ ಬಿದ್ದೈತಿ. ಶಾಲಿ ಮುಚ್ಚಿಬಿಡ್ತಾರ್ರಿ.”

ಅವ್ವ ಶೆಫಾಲಿಯ ಕಡೆ ಬೆರಳು ತೋರಿಸಿದಳು. ಅಲ್ಲೇ, ನಮ್ಮ ವರಾಂಡದಲ್ಲೇ, ಶೆಫಾಲಿ ‘ಶಿವಲೀಲಾ’ ಆದಳು. ಮಾತೃಭಾಷೆ ಕನ್ನಡ, ನನ್ನ ಚಿಕ್ಕವ್ವನ ಮಗಳು, ಪೋಷಕರು ನಮ್ಮಪ್ಪ. ಅಪ್ಪ ಬರೆದದ್ದನ್ನು ಎರಡು ಸಲ ಓದಿ ಸಹಿ ಹಾಕಿದ. ಜೋಹ್ರಾ ಹೇಳಿದ್ದು ಇಷ್ಟೇ: “ನಾಮ್ ಕುಛ್ ಭೀ ಲಿಖೋ, ಬಸ್ ಪಢನೇ ದೋ.” ಹೆಸರು ಏನಾದರೂ ಬರೆಯಿರಿ, ಓದಲು ಬಿಟ್ಟರೆ ಸಾಕು. ಮರುದಿನ ಸಾಹೇಬರು ಪಾಠ ಓದಿಸಿದಾಗ ಎಡವದೆ ಓದಿದವಳು ಅವಳೊಬ್ಬಳೇ. ಶಾಲೆ ಉಳಿಯಿತು. ಮಾಸ್ತರರು ನಮಗೆಲ್ಲ ಚುರುಮುರಿ ಹಂಚಿದರು.

ಎರಡು ವರ್ಷ ಹಾಗೇ ನಡೆಯಿತು. ಆ ಎರಡೂ ವರ್ಷ ಅವಳು ಮೊದಲು, ನಾನು ಎರಡನೆಯವಳು. ನನಗೆ ಹೊಟ್ಟೆಕಿಚ್ಚು. ಇದನ್ನು ಮುಚ್ಚಿಟ್ಟರೆ ಈ ಬರಹ ಬರೆದೂ ಪ್ರಯೋಜನವಿಲ್ಲ. ಏಳನೆಯ ತರಗತಿಯ ಸರಕಾರಿ ಪರೀಕ್ಷೆ ಬಂತು. ಹೆಸರು ಪರೀಕ್ಷೆಯ ಪಟ್ಟಿಗೆ ಸೇರಬೇಕಾದರೆ ಜನನ ಪತ್ರ ಬೇಕು, ಇಲ್ಲವೇ ಈ ಮಗು ನಮ್ಮದೆಂದು ಪೋಷಕರು ಪ್ರಮಾಣ ಮಾಡಿ ಬರೆದುಕೊಡಬೇಕು. ಅದೇ ದಿನಗಳಲ್ಲಿ ಪೊಲೀಸರು ಎಸ್ಟೇಟಿನ ಹಿಂದಿನ ಗುಡಿಸಲುಗಳಲ್ಲಿ ಕಾಗದ ಕೇಳಿಕೊಂಡು ತಿರುಗುತ್ತಿದ್ದರು. ಅಪ್ಪ ಹೆದರಿದ, ಕೆಲಸ ಹೋದರೆ ಮನೆಯೂ ಹೋಗುತ್ತಿತ್ತು. “ಇದು ಬ್ಯಾಡ ಬಿಡು, ನಮ್ಮ ಕುತ್ತಿಗಿಗೆ ಬರ್ತೈತಿ” ಎಂದ. ಅವ್ವ ಸೂಜಿ ಕೆಳಗಿಟ್ಟಳು. “ತಲಿ ಎಣಿಸಾಕ ಬೇಕಾಗಿತ್ತು, ಪರೀಕ್ಷಾ ಬರಿಯಾಕ ಬ್ಯಾಡಾತೇನ್ರಿ? ನಾಚಿಕಿ ಬರ್ಲಿ ನಮಗ!” ಎರಡು ದಿನ ಆ ಸೂಜಿಯನ್ನು ಮತ್ತೆ ಮುಟ್ಟಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಅಪ್ಪ ಬರೆದುಕೊಟ್ಟ.

ಪಟ್ಟಿ ತಾಳೆ ನೋಡಲು ಬಂದ ಸಾಹೇಬರಿಗೆ ಶಿವಲೀಲಾಳ ಹೆಸರಿನ ಮುಂದೆ ಅನುಮಾನ ಬಂತು. ನನ್ನನ್ನು ಎಬ್ಬಿಸಿ ನಿಲ್ಲಿಸಿದರು. “ಈ ಅಮ್ಮಾಯಿ ನೀಕು ಏಮವುತುಂದಿ?” ಈ ಹುಡುಗಿ ನಿನಗೆ ಏನಾಗಬೇಕು ಎಂದು ತೆಲುಗಿನಲ್ಲಿ ಕೇಳಿದರು. ನೂರು ಸಲ ಹೇಳಿದ ಉತ್ತರ ನನ್ನ ನಾಲಗೆಯ ಮೇಲೇ ಇತ್ತು. ಮಾಸ್ತರರು ನನ್ನನ್ನೇ ನೋಡುತ್ತಿದ್ದರು. ಶೆಫಾಲಿ ನೋಡಲಿಲ್ಲ, ನಾನು ಹೇಳುತ್ತೇನೆಂದು ಅವಳಿಗೆ ಅಷ್ಟು ನಂಬಿಕೆ, ತಲೆ ಬಗ್ಗಿಸಿ ಪೆನ್ಸಿಲ್ ಕೆತ್ತುತ್ತಿದ್ದಳು. “ಏಮೀ ಕಾದು, ಸಾರ್” ಎಂದೆ. ಏನೂ ಅಲ್ಲ. ಯಾರೂ ನನಗೆ ಹಾಗೆ ಹೇಳೆಂದು ಕಲಿಸಿರಲಿಲ್ಲ. ಸಾಹೇಬರು ಕೆಂಪು ಪೆನ್ನಿನಿಂದ ಒಂದು ಗೆರೆ ಎಳೆದರು, ಮಾಸ್ತರರನ್ನು ಹೊರಗೆ ಕರೆದುಕೊಂಡು ಹೋಗಿ ಗದರಿದರು. ಅಪ್ಪನ ಕಾಗದವನ್ನು ಅಲ್ಲೇ ಹರಿದುಹಾಕಿದರಂತೆ. ಸಂಜೆ ಇದನ್ನು ಕೇಳಿ ಅಪ್ಪ ನನ್ನನ್ನು ಬಯ್ಯಲಿಲ್ಲ. ಅವನ ಮುಖ ಹಗುರಾದದ್ದನ್ನು ನಾನು ನೋಡಿದೆ. ಅವ್ವ ನನಗೆ ರೊಟ್ಟಿ ಬಡಿಸಿದಳು, ಮುಖ ಎತ್ತಿ ನೋಡಲಿಲ್ಲ.

ಎರಡು ದಿನ ಬಿಟ್ಟು ಬೆಳಿಗ್ಗೆ ಶೆಫಾಲಿ ಬಾಗಿಲಲ್ಲಿ ನಿಂತಿದ್ದಳು. ಮಾಸ್ತರರು ಕೊಟ್ಟಿದ್ದ ಪುಸ್ತಕಗಳನ್ನು ಕಂದು ಕಾಗದದ ಹೊದಿಕೆ ಸಮೇತ ಎದೆಗೆ ಅವುಚಿಕೊಂಡಿದ್ದಳು. ನನಗೆ ಬಯ್ಯುತ್ತಾಳೆಂದು, ಅಳುತ್ತಾಳೆಂದು ಕಾದೆ. “ಇವನ್ನ ಮಾಸ್ತರಿಗೆ ಕೊಟ್ಟುಬಿಡ. ಒಳಗ ಹೆಸರು ಅಳಿಸೀನಿ. ಯಾರರ ಕೇಳಿದ್ರ ನಿಮ್ಮಪ್ಪಗ ತ್ರಾಸ ಆಗಬಾರದು” ಎಂದಳು. ನಾನೇನು ಮಾಡಿದೆ ಗೊತ್ತೇ? ಮೇಲಿನ ಪುಸ್ತಕ ತೆರೆದು, ಮೊದಲ ಪುಟವನ್ನು ಬೆಳಕಿಗೆ ಹಿಡಿದು, ಸರಿಯಾಗಿ ಅಳಿಸಿದೆಯೋ ಇಲ್ಲವೋ ಎಂದು ನೋಡಿದೆ. ಕಾಗದ ತೆಳ್ಳಗಾಗುವಷ್ಟು ಉಜ್ಜಿದ್ದಳು. ನಾವೇ ಕೊಟ್ಟ ಹೆಸರು ಅದು, ಅವಳದಲ್ಲ. ತಲೆ ಎತ್ತುವಷ್ಟರಲ್ಲಿ ಅವಳು ಗೇಟು ದಾಟಿದ್ದಳು. ವಾರದೊಳಗೆ ಅವರ ಗುಡಿಸಲು ಖಾಲಿಯಾಗಿತ್ತು. ಪೊಲೀಸರು ಕರೆದೊಯ್ದರೋ, ಅವರೇ ಹೊರಟುಹೋದರೋ, ಸಿಕಂದರಾಬಾದಿನ ರೈಲ್ವೆ ಸ್ಟೇಷನ್ನಿನವರೆಗೆ ಹೋಗಿ ವಿಚಾರಿಸಿದ ಅವ್ವನಿಗೂ ತಿಳಿಯಲಿಲ್ಲ.

ಆ ವರ್ಷ ಪರೀಕ್ಷೆಯಲ್ಲಿ ಶಾಲೆಗೆ ನಾನೇ ಮೊದಲು ಬಂದೆ. ಜೂನಿನಲ್ಲಿ ತಲೆ ಎಣಿಸಿದಾಗ ಒಂದು ಹೆಸರು ಕಡಿಮೆ ಬಿತ್ತು, ಶಾಲೆ ಮುಚ್ಚಿತು. ಈಗ ಮಾಸ್ತರರಿಲ್ಲ, ಅಪ್ಪನಿಲ್ಲ, ಅವ್ವನೂ ಇಲ್ಲ. ನನ್ನ ಮದುವೆಯಲ್ಲಿ ಈ ಕೌದಿಯನ್ನು ಕೈಗಿಡುವಾಗ ಅವ್ವ ಒಂದೇ ಮಾತು ಹೇಳಿದ್ದಳು: “ಹಸಿರು ಮೂಲಿ ಒಳಗ ಹಾಕಿ ಮಡಚಬ್ಯಾಡ.” ಆಕೆ ಎಲ್ಲವನ್ನೂ ನೋಡಿದ್ದಳು. ಇಂದು ಬಾಲ್ಕನಿಯ ಬಿಸಿಲಿಗೆ ಅದನ್ನು ಹರವಿದ್ದೇನೆ. ನನ್ನ ಫ್ರಾಕಿನ ಹೊಲಿಗೆಯೆಲ್ಲ ಬಿಚ್ಚಿಕೊಂಡಿದೆ, ಜೋಹ್ರಾ ಹೊಲಿದ ಮೂಲೆ ಮಾತ್ರ ಹಾಗೇ ಬಿಗಿಯಾಗಿದೆ. ಶೆಫಾಲಿ ಎಲ್ಲಿದ್ದಾಳೋ, ಯಾವ ಹೆಸರಿನಲ್ಲಿದ್ದಾಳೋ, ಇನ್ನೂ ಯಾರಾದರೂ ಅವಳನ್ನು ಕಾಗದ ಕೇಳುತ್ತಿದ್ದಾರೋ. ಅವಳು ನಿನಗೆ ಏನಾಗಬೇಕು ಎಂದು ಈಗ ಯಾರಾದರೂ ಕೇಳಿದರೆ ನಮ್ಮ ಚಿಕ್ಕವ್ವನ ಮಗಳು ಎಂದು ಹೇಳಲು ಕಾದಿದ್ದೇನೆ. ಯಾರೂ ಕೇಳುವುದಿಲ್ಲ.