ಕಡಲಗಾಳಿಯ ಸಾಹೇಬರು
ಬಂದರಿನ ಮಾಲಿನ್ಯ ನಿಯಂತ್ರಣ ಕಚೇರಿಯ ಸಾಹೇಬರಿಗೆ ಕಡಲಗಾಳಿಯೇ ಬಲಗೈ ಬಂಟ. ಮಧ್ಯಾಹ್ನ ಅದು ಬೀಸಿ ಕಾರ್ಖಾನೆಯ ಹೊಗೆ ಗುಡ್ಡದಾಚೆ ಹೋದರೆ, "ನಾವು ಬಿಗಿ ಕ್ರಮ ತಗೊಂಡಿದ್ದೀವಿ" ಎಂದು ಮೀಸೆ ತಿರುವುತ್ತಾರೆ. ಮಳೆ ಬಂದು ಆಕಾಶ ತೊಳೆದರೆ ಆ ಹೊಗಳಿಕೆಯನ್ನೂ ತಾವೇ ಸ್ವೀಕರಿಸುತ್ತಾರೆ. ಚಳಿಗಾಲದಲ್ಲಿ ಗಾಳಿ ನಿಂತು, ಹೊಗೆ ಮಂಜಿನೊಡನೆ ಬೀದಿಗಿಳಿದಾಗ ಮಾತ್ರ, "ಹವಾಮಾನ ನಮ್ಮ ಕೈಲಿದೆಯೇನ್ರೀ?" ಎಂದು ಕೈ ಕೊಡವುತ್ತಾರೆ. ದೂರು ತಂದವರಿಗೆ ಅಲುಗಾಡದ ಕಿಟಕಿ ಪರದೆ ತೋರಿಸಿ, "ಇದು ಹಾರಾಡಲಿ, ಎಲ್ಲ ಸರಿಹೋಗುತ್ತೆ" ಎಂದು ಕಾಫಿ ಹೀರುತ್ತಾರೆ. ಅಂಥದೇ ಒಂದು ಮಬ್ಬು ಬೆಳಗ್ಗೆ, ಉಬ್ಬಸದಿಂದ ಎದ್ದು ಕೂತ ಅವರ ತಾಯಿ ಏದುಸಿರಿನ ನಡುವೆಯೇ ಛೇಡಿಸಿದರು: "ಏನೋ ಮಗನೇ, ಗಾಳಿ ರಜಾ ಹಾಕಿದ್ರೆ ನಿನ್ನ ಕಚೇರಿಗೂ ರಜಾನಾ?" ಸಾಹೇಬರು ಒಂದು ಕೈಯಲ್ಲಿ ಅಮ್ಮನ ಬೆನ್ನು ನೀವುತ್ತಾ, ಇನ್ನೊಂದರಲ್ಲಿ ಕಾರ್ಖಾನೆಗೆ ಫೋನ್ ಮಾಡಿದರು. "ಗಾಳಿ ಬರೋ ತನಕ ಬಾಯ್ಲರ್ ಆರ್ಸಿ!" ಆ ಕಡೆಯವರಿಗೆ ದನಿಯ ಗುರುತೇ ಹತ್ತಲಿಲ್ಲ. "ಯಾರ್ರೀ ನೀವು?" ಎಂದರು.