ಭಾವ ಮೇಡಂ ಅವರ ಓದು ವಿಚಾರಿಸಿದ್ದು

ನಮ್ಮ ಭಾವ ಪರಮಶಿವಯ್ಯನವರು ಯಾರನ್ನೂ ಸುಲಭಕ್ಕೆ ನಂಬುವವರಲ್ಲ. ತಿಪಟೂರಿನಲ್ಲಿ ಇಷ್ಟು ವರ್ಷ ಕೊಬ್ಬರಿ ವ್ಯಾಪಾರ ಮಾಡಿ ಉಳಿದಿರುವುದೇ ಆ ಗುಣದಿಂದ. ರೈತರ ಮನೆಗೆ ಹೋದರೆ ಕೊಟ್ಟ ಕಾಫಿ ಆರಿದರೂ ಸರಿ, ಮೊದಲು ಅಟ್ಟ ಹತ್ತಬೇಕು. ವರ್ಷದ ಹತ್ತಿರ ಅಲ್ಲೇ ಬಿದ್ದು ಒಣಗಿದ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಆಮೇಲೆ ಒಂದನ್ನು ಒಡೆದು, ಒಳಗಿನ ಉಂಡೆ ಕೊಬ್ಬರಿ ನೋಡಿ ಇಡೀ ಅಟ್ಟಕ್ಕೆ ರೇಟು ಹೇಳಬೇಕು. ನನ್ನ ಅಕ್ಕ ಸುವರ್ಣಮ್ಮನನ್ನು ನೋಡಲು ಬಂದ ದಿನವೂ ನಮ್ಮಪ್ಪನ ಅಟ್ಟ ಹತ್ತಿ ಇಳಿದೇ ಉಪ್ಪಿಟ್ಟಿಗೆ ಕೂತರಂತೆ.

ಇಂಥವರು ಒಂದು ಬೋರ್ಡಿಗೆ ಮೋಸ ಹೋದರಲ್ಲ ಅಂತ ನೆನೆಸಿಕೊಂಡರೆ ನನಗೆ ಈಗಲೂ ಮೈ ಉರಿಯುತ್ತದೆ.

ಆದದ್ದು ಇಷ್ಟು. ಹೋದ ವರ್ಷ ತುರುವೇಕೆರೆ ಕಡೆ ಯಾರದೋ ಅಟ್ಟದ ಮೇಲೆ ಭಾವನಿಗೆ ಇದ್ದಕ್ಕಿದ್ದಂತೆ ಎದೆ ಢವಢವ ಹೊಡೆದುಕೊಂಡು, ಮೈಯೆಲ್ಲ ಬೆವೆತು, ಉಸಿರು ಕಟ್ಟಿದ ಹಾಗಾಯಿತು. ಪ್ರಾಣವೇ ಹೋಯಿತು ಅಂದುಕೊಂಡರು. ತುಮಕೂರಿಗೆ ಕರೆದುಕೊಂಡು ಹೋಗಿ ಇಸಿಜಿ, ಎಕೋ ಎಲ್ಲ ಮಾಡಿಸಿದೆವು. ಹೃದಯಕ್ಕೆ ಏನೂ ಆಗಿಲ್ಲ ಅಂದರು. ಆದರೆ ಅದೇ ಸಂಕಟ ಮಾರುಕಟ್ಟೆಯಲ್ಲಿ ಬಂತು, ಬಸ್ಸಿನಲ್ಲಿ ಬಂತು. ಹೃದಯದ್ದಲ್ಲ ಅಂದಮೇಲೆ ಇದು ತಲೆಯದೇ ಅಂತ ಭಾವ ತಾವೇ ತೀರ್ಮಾನ ಮಾಡಿಕೊಂಡರು. ಅವರ ಚಿಕ್ಕಪ್ಪ ಒಬ್ಬರು ಬೀದಿಯಲ್ಲಿ ಬಿದ್ದು ಕೈಕಾಲು ಒದರುತ್ತಿದ್ದರಂತೆ, ಊರವರು ಹುಚ್ಚ ಅಂತಲೇ ಕರೆಯುತ್ತಿದ್ದರಂತೆ. ಅದೇ ತಮಗೂ ಬಂದಿದೆ ಅಂತ ಹೆದರಿ ಯಾರಿಗೂ ಹೇಳದೆ ಪೇಟೆಯಲ್ಲಿ ‘ಮನಸ್ಸಿನ ತಜ್ಞರು’ ಅಂತ ಬೋರ್ಡು ಹಾಕಿಕೊಂಡವನ ಹತ್ತಿರ ಹೋದರು. ಹೆಸರಿನ ಮುಂದೆ ರೈಲಿನ ಹಾಗೆ ಇಂಗ್ಲಿಷ್ ಅಕ್ಷರಗಳು. ಅವನು ಚಿಕ್ಕಪ್ಪನ ಕಥೆ ಕೇಳಿ ಒಂದು ಹಸಿರು ಟಾನಿಕ್ ಕೊಟ್ಟು, "ಇದು ವಂಶದಲ್ಲೇ ಇದೆ. ನಿಮ್ಮ ಮಗಳಿಗೂ ಬರುತ್ತೆ," ಅಂದನಂತೆ.

ಮಗಳು ಸೌಂದರ್ಯಳಿಗೆ ಆಗಷ್ಟೇ ತುರುವೇಕೆರೆಯ ಬಸವರಾಜಪ್ಪನವರ ಮಗನ ಜೊತೆ ಮದುವೆ ಮಾತಾಗಿತ್ತು. ಹುಡುಗ ಹುಡುಗಿ ಇಬ್ಬರೂ ಒಪ್ಪಿದ್ದರು, ನಿಶ್ಚಿತಾರ್ಥಕ್ಕೆ ದಿನ ನೋಡುವುದಷ್ಟೇ ಬಾಕಿ.

"ಒಂದು ಕಾಯಿ ಕೆಟ್ಟಿದೆ ಅಂತ ಗೊತ್ತಿದ್ದೂ ಇಡೀ ಅಟ್ಟಾನ ಒಳ್ಳೇದು ಅಂತ ಮಾರೋ ಮನುಷ್ಯ ಅಲ್ಲ ಕಣೇ ನಾನು," ಅಂದರು ಭಾವ ಅಕ್ಕನಿಗೆ. "ಈ ಸಂಬಂಧ ಬ್ಯಾಡ ಅಂತ ಫೋನ್ ಮಾಡ್ಬುಡ್ತೀನಿ."

ಮಗಳನ್ನು ಅಟ್ಟದ ಕಾಯಿ ಮಾಡಿದರಲ್ಲ ಅಂತ ನನಗೆ ಕೆಂಡದಂಥ ಕೋಪ. ಸೌಂದರ್ಯ ಹಿತ್ತಲಿಗೆ ಹೋಗಿ ಅತ್ತಳು. ಅಕ್ಕ ಮಾತ್ರ ಒಂದೇ ಪಟ್ಟು ಹಿಡಿದಳು: ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನಸ್ಸಿನ ಕಾಯಿಲೆ ನೋಡುವವರು ಬರುತ್ತಾರೆ, ಅವರಿಗೆ ತೋರಿಸಿ ಆಮೇಲೆ ಫೋನ್ ಮಾಡಿ. ಅವರಿಬ್ಬರ ಜೊತೆ ನಾದಿನಿ ಅಂತ ನಾನೂ ಹೋದೆ.

ಮೊದಲು ಡಾಕ್ಟರು ನೋಡಿದರು. ತುಮಕೂರಿನ ರಿಪೋರ್ಟುಗಳನ್ನೆಲ್ಲ ತಿರುವಿ, "ಮಾತ್ರೆ ಆಮೇಲೆ ನೋಡೋಣ. ಈಗ ಪಕ್ಕದ ರೂಮಿನಲ್ಲಿ ಮೇಡಂ ಹತ್ರ ಮಾತಾಡಿ," ಅಂದರು. ಪಕ್ಕದ ರೂಮಿನ ಮೇಡಂ ಪುಷ್ಪಲತಾ. ನಮ್ಮ ಸೌಂದರ್ಯಳಿಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದು. ತಮ್ಮನ್ನು ಅಸಿಸ್ಟೆಂಟಿಗೆ ಸಾಗಹಾಕಿದರು ಅಂತ ಭಾವನ ಮುಖ ಗಂಟಾಯಿತು.

"ಬೇಜಾರ್ ಮಾಡ್ಕೋಬ್ಯಾಡ ತಾಯಿ. ನೀನು ಏನು ಓದಿದೀಯ?"

ನನಗೆ ನಾಚಿಕೆಯಾಯಿತು. ಆ ಹುಡುಗಿ ನಕ್ಕಳು.

"ಕೇಳಿದ್ದು ಒಳ್ಳೇದಾಯ್ತು ಯಜಮಾನ್ರೇ, ಎಲ್ರೂ ಕೇಳ್ಬೇಕು. ಆ ಕಡೆ ಇರೋ ಡಾಕ್ಟರು ಎಂಬಿಬಿಎಸ್ ಮುಗಿಸಿ, ಮನಸ್ಸಿನ ಕಾಯಿಲೆಗಳಲ್ಲೇ ಎಂಡಿ ಮಾಡಿದೋರು. ಮಾತ್ರೆ ಬರೆಯೋರು ಅವರು. ನಾನು ಮನಃಶಾಸ್ತ್ರದಲ್ಲಿ ಎಂಎ ಮಾಡಿ, ಆಮೇಲೆ ಎರಡು ವರ್ಷ ಆಸ್ಪತ್ರೇಲಿ ರೋಗಿಗಳ ಜೊತೇನೇ ಎಂಫಿಲ್ ಓದಿದೀನಿ. ಮಾತ್ರೆ ಬರೆಯೋ ಹಾಗಿಲ್ಲ. ಪರೀಕ್ಷೆ ಮಾಡ್ತೀನಿ, ಮಾತಿನಲ್ಲಿ ಚಿಕಿತ್ಸೆ ಕೊಡ್ತೀನಿ. ನಮ್ಮಂಥೋರ ಪಟ್ಟಿ ಇಡೋ ದೆಹಲಿಯ ಪುನರ್ವಸತಿ ಪರಿಷತ್ತಿನಲ್ಲಿ ನನ್ನ ಹೆಸರು ನೋಂದಣಿ ಆಗಿದೆ, ಬೇಕಾದ್ರೆ ಫೋನಲ್ಲೇ ನೋಡ್ಬಹುದು."

ಬೇಕಾದರೆ ಅಂದದ್ದೇ ತಪ್ಪಾಯಿತು. ಭಾವ ಅಲ್ಲೇ ಕನ್ನಡಕ ಹಾಕಿಕೊಂಡು, ನನ್ನ ಕೈಯಲ್ಲಿ ಫೋನ್ ಒತ್ತಿಸಿ, ಆಕೆಯ ಹೆಸರು ಕಂಡಮೇಲೇ ಸರಿಯಾಗಿ ಕೂತರು. ಬೋರ್ಡಿನವನ ಹೆಸರನ್ನೂ ಹುಡುಕಿಸಿದರು. ಅದು ಸಿಗಲಿಲ್ಲ.

ಆಮೇಲೆ ಆಕೆ ಬಹಳ ಹೊತ್ತು ಕೇಳಿದಳು. ಯಾವಾಗ ಬರುತ್ತೆ, ಎಷ್ಟು ಹೊತ್ತು ಇರುತ್ತೆ, ಬಂದಾಗ ಏನು ಅನ್ನಿಸುತ್ತೆ. ಕೊನೆಗೆ, "ಇದಕ್ಕೆ ಪ್ಯಾನಿಕ್ ಅಂತಾರೆ. ಭಯದ್ದೇ ಒಂದು ತೊಂದರೆ, ಹುಚ್ಚಲ್ಲ. ಬಹಳ ಜನಕ್ಕೆ ಇರುತ್ತೆ, ಚಿಕಿತ್ಸೆ ತಗೊಂಡ್ರೆ ಹತೋಟಿಗೆ ಬರುತ್ತೆ," ಅಂದಳು.

ಭಾವ ಅಷ್ಟಕ್ಕೆ ಬಿಡಲಿಲ್ಲ. ಅವರಿಗೆ ಬೇಕಾಗಿದ್ದ ಉತ್ತರ ಬೇರೆಯೇ ಇತ್ತು. "ನಮ್ಮ ಚಿಕ್ಕಪ್ಪಂದು? ನಾಳೆ ನನ್ನ ಮಗಳಿಗೂ ಬಂದ್ರೆ?"

"ನಿಮ್ಮ ಚಿಕ್ಕಪ್ಪನವರನ್ನ ನಾನು ನೋಡಿಲ್ಲ. ಬಿದ್ದು ಕೈಕಾಲು ಒದರ್ತಿದ್ರು ಅಂದ್ರೆ ಮೂರ್ಛೆರೋಗ ಇದ್ರೂ ಇರ್ಬಹುದು, ಅದೂ ಹುಚ್ಚಲ್ಲ. ಆದ್ರೆ ಇಂಥದ್ದೇ ಅಂತ ಹೇಳೋಕೆ ಬರಲ್ಲ. ನಿಮ್ಮ ಮಗಳನ್ನೂ ನೋಡಿಲ್ಲ. ಕಣ್ಣಲ್ಲಿ ನೋಡದೆ ಇರೋರ ಬಗ್ಗೆ ತೀರ್ಪು ಹೇಳೋ ಓದು ನಾನು ಓದಿಲ್ಲ ಯಜಮಾನ್ರೇ."

 ಭಾವ ನನ್ನ ಕಡೆ ತಿರುಗಿ, "ಅಲ್ಲ ಕಣಮ್ಮ, ಆ ಬೋರ್ಡಿನ ನನ್ಮಗ ಅಟ್ಟ ಹತ್ತದೇನೇ ನನ್ ಮಗಳಿಗೆ ರೇಟು ಹೇಳ್ಬುಟ್ನಲ್ಲ!" ಅಂದವರೇ ಹೆಗಲ ಮೇಲಿನ ಟವೆಲನ್ನು ಮುಖಕ್ಕೆ ಒತ್ತಿಕೊಂಡು ಅತ್ತುಬಿಟ್ಟರು. ಅಕ್ಕನೂ ಅತ್ತಳು. ನನಗೆ ಮಾತ್ರ ನಗು ಬಂತು, ಎದೆಯ ಮೇಲಿನ ಭಾರ ಇಳಿದರೆ ನನಗೆ ಬರುವುದೇ ನಗು.

ಅದಾದ ಮೇಲೆ ಭಾವ ಮಂಗಳವಾರ ತಪ್ಪಿಸಿಲ್ಲ. ಉಸಿರು ಹೇಗೆ ಬಿಡಬೇಕು, ಎದೆ ಹೊಡೆದುಕೊಂಡರೆ ಓಡದೆ ಹೇಗೆ ಕೂರಬೇಕು ಅಂತ ಕಲಿತಿದ್ದಾರೆ. ಈಗಲೂ ಒಮ್ಮೊಮ್ಮೆ ಬರುತ್ತದೆ, ಬಂದಷ್ಟೇ ಬೇಗ ಹೋಗುತ್ತದೆ.

ಆದರೆ ಬಸವರಾಜಪ್ಪನವರಿಗೆ ಮುಚ್ಚಿಡಲು ಅವರಿಗೆ ಮನಸ್ಸಾಗಲಿಲ್ಲ. ಸೌಂದರ್ಯ ಕೂಡ, "ಹೇಳಿಬಿಡಿ ಅಪ್ಪ, ಕೇಳಿದ ಮೇಲೂ ಒಪ್ಪೋರ ಮನೆಗೇ ಹೋಗ್ತೀನಿ," ಅಂದಳು. ಎಲ್ಲರ ಎದುರೇ ಸ್ಪೀಕರ್ ಹಾಕಿ ಫೋನ್ ಮಾಡಿದರು. ಅಟ್ಟದಿಂದ ಹಿಡಿದು ಆಸ್ಪತ್ರೆಯವರೆಗೆ ಒಂದನ್ನೂ ಬಿಡದೆ ಹೇಳಿದರು.  ಸೌಂದರ್ಯ ಅಕ್ಕನ ಕೈ ಗಟ್ಟಿಯಾಗಿ ಹಿಡಿದುಕೊಂಡಳು.

"ಬೀಗ್ರೇ," ಅಂದರು ಬಸವರಾಜಪ್ಪನವರು ಕೊನೆಗೆ, ಪಕ್ಕದಲ್ಲಿ ಯಾರಿಗೂ ಕೇಳಬಾರದು ಅನ್ನುವ ಹಾಗೆ ದನಿ ತಗ್ಗಿಸಿ. "ಆ ಮೇಡಮ್ಮು ನಿದ್ದೆ ಬರ್ದೇ ಇರೋರನ್ನೂ ನೋಡ್ತಾರೇನ್ರೀ?"