ತಲೆಯಿಲ್ಲದ ಕೋಳಿ

ನನಗೆ ಸುಸ್ತಾಗಿದೆ. ಲುಕಾಂಗ್ ಊರಿನ ನಲ್ಲಿ ಫ್ಯಾಕ್ಟರಿಯೊಂದರಲ್ಲಿ ಮೂವತ್ತೊಂದು ವರ್ಷದಿಂದ ಫೋನು ಹಿಡಿದು ಕೂತಿದ್ದೇನೆ. ಹಿತ್ತಾಳೆ ಎರಕದವನಿಗೆ ಫೋನು, ತೂತು ಕೊರೆಯುವವನಿಗೆ ಫೋನು, ಉಜ್ಜಿ ಪಾಲಿಶ್ ಮಾಡುವವನಿಗೆ ಫೋನು, ಕ್ರೋಮ್ ಹಾಕುವವನಿಗೆ ಫೋನು. ಎಲ್ಲರೂ ಸ್ಕೂಟರಿನಲ್ಲಿ ಹತ್ತು ನಿಮಿಷದ ದೂರದವರೇ, ತಂತಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ ದುಡಿಯುವವರು. "ಆಯ್ತಾ?" "ನಾಳೆ." "ನಾಳೆ ಅಂದ್ರೆ ಯಾವ ನಾಳೆ ಮಹರಾಯ?" ಇದೇ ನನ್ನ ಬದುಕು. ನನ್ನ ಹೆಸರು ಸಿಯುಲುವಾನ್ ಅಂತ ನನ್ನ ಗಂಡನಿಗೂ ಮರೆತಿರಬೇಕು. ಊರಿಗೆಲ್ಲ ನಾನು ಫೋನಮ್ಮ.

ಆ ಹೆಸರಿಟ್ಟವನು ಪಾಲಿಶ್ ಮಾಡುವ ಪ್ಯಾವಣ್ಣ. ಅರವತ್ತಾರು ವರ್ಷ. ನಮ್ಮ ಕೊಕ್ಕರೆಕತ್ತಿನ ಅಡುಗೆಮನೆ ನಲ್ಲಿಯನ್ನು ಉಜ್ಜಬಲ್ಲವನು ಅವನೊಬ್ಬನೇ. ಆ ಕತ್ತಿನ ಒಳಬಾಗಿನಲ್ಲಿ ಕೂದಲೆಳೆಯಷ್ಟು ಗೀರು ಉಳಿದರೂ ಕ್ರೋಮ್ ಹಾಕಿದ ಮೇಲೆ ಎದ್ದು ಕಾಣುತ್ತದೆ. ಪ್ಯಾವಣ್ಣ ಹೆಬ್ಬೆರಳಿನಿಂದ ಸವರಿ ನೋಡಿ, ಇದು ಆಯಿತು, ಇದು ಇಲ್ಲ ಅಂತ ಬುಟ್ಟಿಗೆ ಎಸೆಯುತ್ತಿದ್ದ. ನೇರ ಭಾಗವೆಲ್ಲ ಅವನ ಹೆಂಡತಿ ಖಿಮ್ ಅತ್ತಿಗೆಯದು, ಬಾಗು ಅವನದು. ನಲವತ್ತೆರಡು ವರ್ಷ ಅದೇ ಸ್ಟೂಲು. ಹಿತ್ತಾಳೆಯ ಪುಡಿ, ಬಟ್ಟೆಚಕ್ರದ ಎಳೆ, ಮೇಣ ಎಲ್ಲ ಸೇರಿ ಮುಖಕ್ಕೆ ಮೆತ್ತಿಕೊಂಡು ಕೆಲಸದ ಹೊತ್ತಿನಲ್ಲಿ ಅವನು ಸದಾ ಕರ್ರಗೆ ಇರುತ್ತಿದ್ದ. ನಕ್ಕರೆ ಹಲ್ಲಾದರೂ ಬೆಳ್ಳಗೆ ಕಾಣಬೇಕಲ್ಲ, ಅದೂ ಇಲ್ಲ. ಮುಂದಿನ ನಾಲ್ಕು ಉದುರಿ ಹೋಗಿದ್ದವು.

"ಹಲ್ಲು ಕಟ್ಟಿಸ್ಕೋ ಮಾರಾಯ. ಮಕ್ಕಳು ನೋಡಿದ್ರೆ ಹೆದರ್ತವೆ" ಅಂತ ನಾನು ಹೇಳುವುದು.

"ಹಲ್ಲಿನ ದುಡ್ಡು ಕೂಡಿಡ್ತಾ ಇದೀನಿ. ನಿನ್ನ ಥರ ಬರೀ ಬಾಯಲ್ಲೇ ಕೆಲಸ ಮಾಡೋನಾಗಿದ್ರೆ ಯಾವಾಗ್ಲೋ ಕಟ್ಟಿಸ್ತಿದ್ದೆ" ಅಂತ ಅವನು ಹೇಳುವುದು.

ಒಂದು ವರ್ಷ ಚಂಡಮಾರುತ ಬಂದು ಊರಿಡೀ ಮೂರು ದಿನ ಕರೆಂಟಿಲ್ಲ. ಬಂದರಿನಲ್ಲಿ ಹಡಗು ನಮಗಾಗಿ ಕಾಯುವುದಿಲ್ಲ. ಪ್ಯಾವಣ್ಣ ಗುಡಿಯ ನಾಟಕದವರ ಜನರೇಟರನ್ನು ಕೈಗಾಡಿಯಲ್ಲಿ ಎಳೆದು ತಂದು ಎಂಟುನೂರು ನಲ್ಲಿ ಉಜ್ಜಿ ಕೊಟ್ಟ. ಆಗ ನಮ್ಮ ಹಳೇ ಧಣಿ ಅವನ ಎರಡೂ ಕೈ ಹಿಡಿದುಕೊಂಡು ಅತ್ತಿದ್ದರು. ಈಗ ಹಳೇ ಧಣಿ ಇಲ್ಲ. ಅವರ ಮಗ, ನಮ್ಮ ಚಿಕ್ಕ ಧಣಿ, ಒಳ್ಳೆಯ ಹುಡುಗ. ಅವನಿಗೂ ಸುಸ್ತಾಗಿದೆ ಪಾಪ, ಮೂವತ್ತೆಂಟಕ್ಕೇ ತಲೆ ನರೆತಿದೆ.

ಕಳೆದ ವರ್ಷ ನಡುಶರತ್ತಿನ ಹಬ್ಬದ ಹೊತ್ತಿಗೆ ಜರ್ಮನಿಯ ಖರೀದಿದಾರರು ಬಂದರು. ಅವರು ಕೊಟ್ಟುಹೋದದ್ದು ಒಂದು ಅಂಕಪಟ್ಟಿ. ನಿಮಗೆ ಯಾರು ಯಾರು ಏನೇನು ಪೂರೈಸುತ್ತಾರೋ ಅವರಿಗೆಲ್ಲ ಅಂಕ ಹಾಕಿ: ಬೆಲೆ, ಸಮಯ, ಗುಣಮಟ್ಟ, ಪರಿಸರ, ಅಪಾಯ. ನೂರಕ್ಕೆ ಅರವತ್ತು ಬರದವರನ್ನು ಬಿಡಿ. ಪ್ರತಿ ಕೆಲಸಕ್ಕೂ ಎರಡು ಹೆಸರು ಇರಲಿ, ಒಬ್ಬರು ಬಿದ್ದರೆ ಇನ್ನೊಬ್ಬರು ಇರಬೇಕು. ಮಾತೇನೋ ಸರಿಯಾಗಿಯೇ ಇದೆ, ತಪ್ಪು ಹುಡುಕಲು ನನಗೆ ಆಗಲಿಲ್ಲ. ಅಂಕ ಹಾಕುವ ಕೆಲಸ ನನ್ನ ಮೇಜಿಗೆ ಬಂತು. ಇನ್ನೆಲ್ಲಿಗೆ ಬರುತ್ತದೆ?

"ಈ ವ್ಯಕ್ತಿ ನಾಳೆ ಇಲ್ಲವಾದರೆ ಕೆಲಸ ಮುಂದುವರಿಯುತ್ತದೆಯೇ?" ಅಂತ ಒಂದು ಪ್ರಶ್ನೆ. ಪಕ್ಕದ ಬೀದಿಯವನ ಬಗ್ಗೆ ಯಾರಾದರೂ ಇಂಥದ್ದಕ್ಕೆ ಉತ್ತರ ಬರೆಯುತ್ತಾರಾ? ನಾನು ಬರೆದೆ. ಇಪ್ಪತ್ತಕ್ಕೆ ಎರಡು. ಪರಿಸರಕ್ಕೂ ಎರಡು, ಏಕೆಂದರೆ ಅವನ ಶೆಡ್ಡಿನಲ್ಲಿ ಧೂಳು ಎಳೆಯುವ ಯಂತ್ರ ಇರಲಿಲ್ಲ. ಗೋಡೆಗೆ ಎರಡು ಫ್ಯಾನು, ಮೂಗಿಗೆ ಒಂದು ಮಾಸ್ಕು, ಅಷ್ಟೇ. ಚಂಡಮಾರುತದ ವಿಷಯವನ್ನು "ಇತರೆ" ಅನ್ನುವ ಜಾಗದಲ್ಲಿ ಬರೆದೆ. ಇತರೆಗೆ ಅಂಕ ಇರಲಿಲ್ಲ. ಪ್ಯಾವಣ್ಣನಿಗೆ ಒಟ್ಟು ನಲವತ್ತೆಂಟು ಬಂತು.

ಆ ವಾರ ನಲ್ಲಿ ಎಣಿಸಿಕೊಳ್ಳಲು ಹೋದಾಗ ಬಾಯಿ ತಪ್ಪಿ ಹೇಳಿಬಿಟ್ಟೆ. "ಆ ಧೂಳಿನ ಯಂತ್ರ ಒಂದು ಇದ್ದಿದ್ರೆ ನಿನ್ನ ಅಂಕ ಎಲ್ಲೋ ಹೋಗ್ತಿತ್ತು ಪ್ಯಾವಣ್ಣ."

"ಪಾಸಾಗ್ತಿದ್ನಾ?"

"ಪಾಸೇನು, ಫಸ್ಟ್ ಕ್ಲಾಸು."

"ಶಾಲೇಲಿ ಒಂದು ಸಲಾನೂ ಆಗ್ಲಿಲ್ವಲ್ಲೇ" ಅಂದ. ಇಬ್ಬರೂ ನಕ್ಕೆವು. ನಾನು ಸ್ಕೂಟರು ಹತ್ತುವಷ್ಟರಲ್ಲಿ ಅದನ್ನು ಮರೆತೂಬಿಟ್ಟೆ.

ನಮ್ಮ ಪಂಚಾಂಗದ ಹನ್ನೊಂದನೇ ತಿಂಗಳಲ್ಲಿ ತೀರ್ಮಾನವಾಯಿತು. ದಕ್ಷಿಣದಲ್ಲಿ ಒಂದು ದೊಡ್ಡ ಕಂಪನಿ, ಯಂತ್ರದ ತೋಳುಗಳೇ ಪಾಲಿಶ್ ಮಾಡುತ್ತವೆ, ಎಂಬತ್ತಾರು ಅಂಕ. ಕೊಕ್ಕರೆಕತ್ತು ಪೂರ್ತಿ ಅವರಿಗೆ. ಚಿಕ್ಕ ಧಣಿ ಕಾಗದಕ್ಕೆ ಮೊಹರು ಒತ್ತಿದ.

"ಲುವಾನಕ್ಕ, ಈಗ್ಲೇ ಹೇಳ್ಬೇಡಿ. ವರ್ಷ ಕಳೀಲಿ. ಹಬ್ಬದ ಮುಂದೆ ಯಾರ ಮನೇಲೂ ಬೇಜಾರು ಬೇಡ."

"ಹೌದು, ಹಬ್ಬ ಮುಗೀಲಿ" ಅಂದೆ. ನಮ್ಮಲ್ಲಿ ಎಲ್ಲರೂ ಹಾಗೇ ಮಾಡುವುದು. ಕೆಟ್ಟ ಸುದ್ದಿಯನ್ನು ಹೊಸ ವರ್ಷದ ಆಚೆಗೆ ತಳ್ಳುವುದು ದೊಡ್ಡತನ ಅಂತಲೇ ನಾವು ತಿಳಿದಿರುವುದು. ನನಗಂತೂ ಎರಡು ತಿಂಗಳು ಬಾಯಿ ಮುಚ್ಚಿಕೊಂಡಿರಬಹುದಲ್ಲ ಅಂತ ಹಾಯೆನಿಸಿತು. ಸುಳ್ಳೇಕೆ ಹೇಳಲಿ.

ಹನ್ನೆರಡನೇ ತಿಂಗಳ ಹದಿನಾರಕ್ಕೆ ವರ್ಷಾಂತ್ಯದ ಊಟ. ಫ್ಯಾಕ್ಟರಿಯ ಅಂಗಳದಲ್ಲಿ ಚಪ್ಪರ, ಆರು ದುಂಡುಮೇಜು, ಕೆಲಸಗಾರರು, ಶೆಡ್ಡಿನವರು ಎಲ್ಲರೂ. ಆ ಊಟಕ್ಕೆ ಬರುವ ಇಡೀ ಕೋಳಿಯ ತಲೆ ಯಾರ ಕಡೆ ತಿರುಗಿರುತ್ತದೋ ಅವನಿಗೆ ಮುಂದಿನ ವರ್ಷ ಕೆಲಸವಿಲ್ಲ ಅಂತ ಅಜ್ಜಂದಿರ ಕಾಲದ ಲೆಕ್ಕ. ಈಗ ಅದನ್ನೆಲ್ಲ ಯಾರು ನಂಬುತ್ತಾರೆ ಅನ್ನುತ್ತಾರೆ, ಆದರೆ ಕೋಳಿ ಬಂದ ತಕ್ಷಣ ಎಲ್ಲರ ಕಣ್ಣೂ ಅದರ ಮೇಲೇ. ನಮ್ಮಲ್ಲಿ ಹಳೇ ಧಣಿಯ ಕಾಲದಿಂದಲೂ ತಲೆಯನ್ನು ಧಣಿಯ ಕಡೆಗೇ ತಿರುಗಿಸಿ ಇಡುವುದು ರೂಢಿ. ಯಾರನ್ನೂ ತೆಗೆಯುವುದಿಲ್ಲ ಅಂತ ಅರ್ಥ.

ಅಡುಗೆಯವನು ಹಿಂದಿನ ದಿನ ಫೋನು ಮಾಡಿದ. "ಫೋನಮ್ಮ, ಕೋಳಿ ತಲೆ ಮಾಮೂಲಿ ಥರ ಧಣಿ ಕಡೆಗೇ ತಾನೆ?"

ಧಣಿಯ ಕಡೆ ಇಟ್ಟರೆ ಪ್ಯಾವಣ್ಣನಿಗೆ ಹಸಿ ಸುಳ್ಳು ಹೇಳಿದಂತೆ. ಪ್ಯಾವಣ್ಣನ ಕಡೆ ಇಟ್ಟರೆ ಮನುಷ್ಯರು ಮಾಡುವ ಕೆಲಸವಲ್ಲ.

"ತಲೆ ಕತ್ತರಿಸಿ ನಿನ್ನ ನಾಯಿಗೆ ಹಾಕು" ಅಂದೆ. "ಈ ವರ್ಷ ತಲೆ ಬೇಡ."

ನಿಜವೂ ಇಲ್ಲ, ಸುಳ್ಳೂ ಇಲ್ಲ, ಏನು ಜಾಣೆ ನಾನು ಅಂದುಕೊಂಡೆ.

ಮರುದಿನ ಕೋಳಿ ಬಂತು. ಪ್ಯಾವಣ್ಣ ಅಂದು ಮುಖ ತಿಕ್ಕಿ ತೊಳೆದು, ಮಗಳು ಕೊಡಿಸಿದ ಕೋಟು ಹಾಕಿಕೊಂಡು ಬಂದಿದ್ದ. ಮೇಜಿನ ನಡುವಿನ ತಿರುಗುತಟ್ಟೆಯನ್ನು ಒಂದು ಸುತ್ತು ತಿರುಗಿಸಿದ. ಬಗ್ಗಿ ನೋಡಿದ. ಇನ್ನೊಂದು ಸುತ್ತು ತಿರುಗಿಸಿದ.

"ಲೇ, ತಲೇನೇ ಇಲ್ಲ ಕಣ್ರೋ!" ಅಂತ ಕೂಗಿದ. "ಧಣಿ ಕೆಲಸಾನೂ ಹೋಗಲ್ಲ, ನಮ್ಮ ಕೆಲಸಾನೂ ಹೋಗಲ್ಲ! ಕುಡೀರಿ!"

ಆರೂ ಮೇಜಿನವರು ಚಪ್ಪಾಳೆ ತಟ್ಟಿದರು. ಚಿಕ್ಕ ಧಣಿ ನನ್ನ ಮುಖ ನೋಡಿದ, ನಾನು ಮೀನಿನ ಮುಳ್ಳು ಬಿಡಿಸತೊಡಗಿದೆ.

ಸ್ವಲ್ಪ ಹೊತ್ತಿಗೆ ಪ್ಯಾವಣ್ಣ ಲೋಟ ಹಿಡಿದು ನನ್ನ ಮೇಜಿಗೆ ಬಂದ. "ಫೋನಮ್ಮ, ಈ ಕೋಳಿಗೇ ಕಾಯ್ತಾ ಇದ್ದೆ. ನಗಬೇಡ. ಒಂದು ದೊಡ್ಡ ಕೆಲಸಕ್ಕೆ ಕೈ ಹಾಕ್ಬೇಕು, ಧೈರ್ಯ ಸಾಲ್ತಿರ್ಲಿಲ್ಲ. ನಾಳೆ ಬೆಳಿಗ್ಗೆ ಹೂಂ ಅಂದ್ಬಿಡ್ತೀನಿ."

"ಏನು ಕೆಲಸ?" ಅಂತ ಕೇಳಬೇಕಿತ್ತು. ಕೇಳಲಿಲ್ಲ. ಕೇಳಿದ್ದರೆ ನಾನೂ ಹೇಳಬೇಕಾಗುತ್ತಿತ್ತು. "ಒಳ್ಳೇದಾಗ್ಲಿ ಪ್ಯಾವಣ್ಣ" ಅಂದು ಲೋಟ ಎತ್ತಿದೆ.

ಹೊಸ ವರ್ಷದ ಆರನೇ ದಿನ ಪಟಾಕಿ ಹಚ್ಚಿ ಫ್ಯಾಕ್ಟರಿ ತೆರೆದೆವು. ಇನ್ನು ಮುಂದೂಡಲು ಯಾವ ಹಬ್ಬವೂ ಉಳಿದಿರಲಿಲ್ಲ. ಎದುರುಗಾಳಿಯಲ್ಲಿ ಸ್ಕೂಟರು ತಳ್ಳಿಕೊಂಡು ಹೋದ ಹಾಗೆ ಹೋದೆ. ಶೆಡ್ಡಿನ ಬಾಗಿಲಿಗೆ ಬಂದಾಗ ಒಳಗಿನಿಂದ ನಾನು ಯಾವತ್ತೂ ಕೇಳದ ಸದ್ದು ಬರುತ್ತಿತ್ತು. ಗುಂಯ್ ಅಂತ ಒಂದೇ ಸಮನೆ, ತಗ್ಗಿದ ದನಿಯಲ್ಲಿ.

ಪ್ಯಾವಣ್ಣ ಸ್ಟೂಲಿನ ಮೇಲೆ ಕೂತು ಕೊಕ್ಕರೆಕತ್ತು ಉಜ್ಜುತ್ತಿದ್ದ. ಮಾಸ್ಕಿಲ್ಲ. ಮುಖ ಬೆಳ್ಳಗಿತ್ತು. ಕೆಲಸದ ಹೊತ್ತಿನಲ್ಲಿ ಅವನ ಮುಖವನ್ನು ನಾನು ನೋಡಿದ್ದು ಅದೇ ಮೊದಲು. ಎಡಗೆನ್ನೆಯ ಮಚ್ಚೆಯೂ ಎದ್ದು ಕಾಣುತ್ತಿತ್ತು. ಅವನ ಹಿಂದೆ ಗೋಡೆಗೆ ತಾಗಿ ಬೀರುವಿನಷ್ಟು ಎತ್ತರದ ಹೊಸ ಯಂತ್ರ ನಿಂತಿತ್ತು, ಶುಭಕ್ಕೆಂದು ಹಚ್ಚುವ ಕೆಂಪು ಕಾಗದ ಅಂಟಿಸಿಕೊಂಡು. ಚಕ್ರದಿಂದ ಏಳುವ ಪುಡಿಯನ್ನೆಲ್ಲ ಅದು ಹಾಗೇ ನುಂಗುತ್ತಿತ್ತು.

"ನೋಡೇ ಫೋನಮ್ಮ!" ಅಂತ ಕೂಗಿದ. "ಈಗ ಹಾಕು ಅಂಕ! ಫಸ್ಟ್ ಕ್ಲಾಸ್ ಅಂದಿದ್ಯಲ್ಲ?"

"ಹಲ್ಲಿನ ದುಡ್ಡೆಲ್ಲ ಅದರ ಹೊಟ್ಟೆಗೆ ಹೋಯ್ತು" ಅಂತ ಖಿಮ್ ಅತ್ತಿಗೆ ನಕ್ಕಳು. "ಆದ್ರೂ ನಿದ್ದೇಲಿ ಕೆಮ್ಮೋದು ನಿಂತಿದೆ, ಅಷ್ಟು ಸಾಕು. ಕೂತ್ಕೊ, ಶ್ಯಾವಿಗೆ ಕೊಡ್ತೀನಿ."

ನಾನು ಕೂರಲಿಲ್ಲ. ನಿಂತುಕೊಂಡೇ ಹೇಳಿದೆ. ದಕ್ಷಿಣದ ಕಂಪನಿ, ಯಂತ್ರದ ತೋಳು, ಹನ್ನೊಂದನೇ ತಿಂಗಳಲ್ಲೇ ಮೊಹರು ಬಿದ್ದಿದೆ, ಎಲ್ಲವನ್ನೂ.

ಪ್ಯಾವಣ್ಣ ಚಕ್ರ ನಿಲ್ಲಿಸಿದ. ಕೈಯಲ್ಲಿದ್ದ ನಲ್ಲಿಯ ಬಾಗನ್ನು ಹೆಬ್ಬೆರಳಿನಿಂದ ಸವರಿ ನೋಡಿ ಆದದ್ದರ ಬುಟ್ಟಿಗೆ ಇಟ್ಟ.

"ಹನ್ನೊಂದನೇ ತಿಂಗಳಲ್ಲೇನಾ?"

"ಹೂಂ."

"ಹಾಗಾದ್ರೆ ಊಟದ ದಿನ ಕೋಳಿ ತಲೆ ಎಲ್ಲಿ ಹೋಗಿತ್ತು?"

"ನಾನೇ ಕತ್ತರಿಸ್ಬಿಡು ಅಂದೆ ಪ್ಯಾವಣ್ಣ."

ಅವನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ನನ್ನ ಕಡೆ ತಿರುಗಿಸಿ ಇಡ್ಬಾರ್ದಿತ್ತಾ" ಅಂದ. "ನಾನೇನು ಅಳ್ತಿದ್ನಾ? ಹಲ್ಲಾದ್ರೂ ಬರ್ತಿತ್ತು." ಖಿಮ್ ಅತ್ತಿಗೆ ಶ್ಯಾವಿಗೆಯ ಬಟ್ಟಲು ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದಳು.

ಆಫೀಸಿಗೆ ಬಂದು ಅಂಕಪಟ್ಟಿ ತೆಗೆದೆ. ಪರಿಸರದ ಎರಡನ್ನು ಹೊಡೆದು ಹದಿನೆಂಟು ಬರೆದೆ. ಒಟ್ಟು ಅರವತ್ತನಾಲ್ಕು, ಪಾಸು. ಅದನ್ನು ಚಿಕ್ಕ ಧಣಿಯ ಮುಂದೆ ಕುಕ್ಕಿ, "ಇಲ್ಲಿ ನೋಡಿ, ಹಲ್ಲು ಮಾರಿ ಪಾಸಾಗಿದಾನೆ" ಅಂತ ಕಿರುಚಿದೆ. ಮೂವತ್ತೊಂದು ವರ್ಷದಲ್ಲಿ ಆ ಕೋಣೆಯಲ್ಲಿ ಕಿರುಚಿದ್ದು ಅದೊಂದೇ ಸಲ. ಅವನು ಎರಡೂ ಕೈಯಲ್ಲಿ ಮುಖ ಒರೆಸಿಕೊಂಡ.

"ಒಪ್ಪಂದ ಮುರಿಯೋಕಾಗಲ್ಲ ಅಕ್ಕ, ಮೂರು ವರ್ಷದ್ದು. ಎರಡನೇ ಹೆಸರು ಬೇಕಲ್ಲ, ಆ ಜಾಗದಲ್ಲಿ ಅವರನ್ನ ಬರೀರಿ. ದಕ್ಷಿಣದವರು ಬಿದ್ರೆ ಅವರಿಗೇ ಕೆಲಸ."

ಹಾಗೆ ಪ್ಯಾವಣ್ಣನ ಹೆಸರು ಪಟ್ಟಿಯಲ್ಲಿ ಉಳಿಯಿತು. ದಕ್ಷಿಣದವರು ಈವರೆಗೆ ಬಿದ್ದಿಲ್ಲ. ಅವನಿಗೆ ಅವರಿವರ ಚಿಲ್ಲರೆ ಕೆಲಸ ಬರುತ್ತದೆ, ಬಾಗಿಲ ಹಿಡಿ, ಗುಡಿಯ ದೀಪ, ವಾರಕ್ಕೊಂದೋ ಎರಡೋ ದಿನ.

ಎರಡನೇ ಹೆಸರಿನವರು ಸಿದ್ಧರಿದ್ದಾರೆಯೇ ಅಂತ ಜರ್ಮನಿಯವರಿಗೆ ತಿಂಗಳಿಗೊಮ್ಮೆ ತಿಳಿಸಬೇಕು. ಹೌದು, ಇಲ್ಲ, ಎರಡೇ ಚೌಕ. ಪ್ರತಿ ತಿಂಗಳ ಮೊದಲ ಸೋಮವಾರ ಫೋನು ಮಾಡುತ್ತೇನೆ. ಬೇರೆ ಯಾರಿಗೂ ಈ ಕೆಲಸ ಕೊಟ್ಟಿಲ್ಲ, ಕೊಡುವುದೂ ಇಲ್ಲ.

"ಪ್ಯಾವಣ್ಣ, ಯಂತ್ರ ಸರಿಯಾಗಿದ್ಯಾ?"

"ಇರು, ಕೇಳಿಸ್ತೀನಿ" ಅನ್ನುತ್ತಾನೆ. ಸ್ಟೂಲು ಸರಿದ ಸದ್ದು, ಗುಂಡಿ ಒತ್ತಿದ ಸದ್ದು. ಆಮೇಲೆ ಫೋನನ್ನು ಅದರ ಹತ್ತಿರ ಹಿಡಿಯುತ್ತಾನೆ. ಗುಂಯ್ ಅಂತ ಒಂದೇ ಸಮನೆ. ಉಜ್ಜುವ ಚಕ್ರದ ಸದ್ದು ಮಾತ್ರ ಇರುವುದಿಲ್ಲ.

"ಕೇಳಿಸ್ತಾ ಫೋನಮ್ಮ?"

"ಕೇಳಿಸ್ತು ಅಣ್ಣ" ಅಂದು ಹೌದು ಅನ್ನುವ ಚೌಕದಲ್ಲಿ ಗುರುತು ಹಾಕುತ್ತೇನೆ.